ಹದಿನೆಂಟರ ಹುಡುಗನ ಮೇಲೆ ಹೊರಿಸಿದ ಭಾರ

1993ರ ಜೂನ್‌ನಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟ್ ಕ್ವಿಬೆಕ್ ನಗರದಲ್ಲಿ ನಡೆಯಿತು. ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಹದಿನೆಂಟು ವರ್ಷದ ಅಲೆಕ್ಸಾಂಡ್ರೆ ಡೇಗಲ್. ಎರಡನೆಯವರನ್ನು ಯಾರೂ ನೆನಪಿಡುವುದಿಲ್ಲ ಎಂದು ಅವರು ಆಗ ಆಡಿದ ಮಾತನ್ನು ಕೆನಡಾ ಇಂದಿಗೂ ಮರೆತಿಲ್ಲ. ಏಕೆಂದರೆ ಎರಡನೆಯವರಾಗಿ ಆಯ್ಕೆಯಾದ ಕ್ರಿಸ್ ಪ್ರಾಂಗರ್ ಮುಂದೆ ಹಾಕಿ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಡೇಗಲ್ ಹೆಸರು ಹುಸಿಯಾದ ನಿರೀಕ್ಷೆಗೆ ಉದಾಹರಣೆಯಾಗಿ ಉಳಿಯಿತು. ತಪ್ಪನ್ನೆಲ್ಲ ಆ ಹುಡುಗನ ಮೇಲೆ ಹಾಕುವುದು ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಡ್ರಾಫ್ಟ್ ಎಂದರೆ ನಮ್ಮ ಐಪಿಎಲ್ ಹರಾಜಿನಂತಲ್ಲ. ಇಲ್ಲಿ ಹಣ ಕೂಗುವುದಿಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಅದಕ್ಕೂ ಹಿಂದಿನ ಪದ್ಧತಿ ಇನ್ನೂ ಕಠೋರವಾಗಿತ್ತು. ಕ್ಲಬ್‌ಗಳು ಬಾಲಕರನ್ನೇ ಒಪ್ಪಂದದಲ್ಲಿ ಕಟ್ಟಿಹಾಕುತ್ತಿದ್ದವು. ಮುಂದೆ ದಿಗ್ಗಜರಾದ ಬಾಬಿ ಆರ್ ಬಾಸ್ಟನ್ ತಂಡಕ್ಕೆ ಸಹಿ ಹಾಕಿದಾಗ ಅವರಿಗೆ ಹದಿನಾಲ್ಕು ವರ್ಷ. 1963ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು 21 ಹುಡುಗರು ಮಾತ್ರ.

ಮುಂದೆ ಡ್ರಾಫ್ಟ್‌ನ ವಯಸ್ಸು ಇಪ್ಪತ್ತಕ್ಕೆ ಏರಿತು. ಅದು ವಿವೇಕದ ನಿಯಮವಾಗಿತ್ತು. ಆದರೆ 1972ರಲ್ಲಿ ಆಟ ಆರಂಭಿಸಿದ ಪ್ರತಿಸ್ಪರ್ಧಿ ಲೀಗ್ ಡಬ್ಲ್ಯುಎಚ್‌ಎ ಹದಿಹರೆಯದವರನ್ನು ಸೆಳೆಯತೊಡಗಿತು; ಮುಂದೆ ಐಸ್ ಹಾಕಿಯ ದಂತಕಥೆಯಾದ ವೇಯ್ನ್ ಗ್ರೆಟ್ಸ್ಕಿ ಹದಿನೇಳನೇ ವಯಸ್ಸಿನಲ್ಲಿ ಅಲ್ಲಿಗೆ ಹೋದರು. ವಯೋಮಿತಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 1980ರ ವೇಳೆಗೆ ಎನ್‌ಎಚ್‌ಎಲ್ ಹದಿನೆಂಟಕ್ಕೆ ಇಳಿಯಿತು. ಹದಿನೆಂಟರಲ್ಲಿ ಆಟಗಾರ ಪಕ್ವವಾಗುತ್ತಾನೆ ಎಂದು ಯಾರೂ ಕಂಡುಕೊಂಡಿರಲಿಲ್ಲ. ಪೈಪೋಟಿ ಮತ್ತು ಕಾನೂನು ಸೇರಿ ಆ ಸಂಖ್ಯೆಯನ್ನು ನಿಗದಿಮಾಡಿದವು.

ಡೇಗಲ್ ಬಂದದ್ದು ಈ ವ್ಯವಸ್ಥೆಗೆ. ಜೂನಿಯರ್ ಲೀಗ್‌ನ ಕೊನೆಯ ಋತುವಿನಲ್ಲಿ 53 ಪಂದ್ಯಗಳಲ್ಲಿ ಅವರು ಗಳಿಸಿದ್ದು 137 ಅಂಕ, ಅಂದರೆ ಗೋಲು ಮತ್ತು ಗೋಲಿಗೆ ನೀಡಿದ ನೆರವು ಸೇರಿ. ಅವರನ್ನು ಆರಿಸಿದ ಒಟ್ಟಾವ ತಂಡ ಆ ವರ್ಷ 84 ಪಂದ್ಯಗಳಲ್ಲಿ ಹತ್ತನ್ನು ಮಾತ್ರ ಗೆದ್ದಿತ್ತು. ಐದು ವರ್ಷಗಳಿಗೆ 1.225 ಕೋಟಿ ಡಾಲರ್ ಒಪ್ಪಂದ. ಒಂದೂ ಎನ್‌ಎಚ್‌ಎಲ್ ಪಂದ್ಯ ಆಡದ ಹುಡುಗ ಮುಳುಗುತ್ತಿದ್ದ ತಂಡವನ್ನು ಎತ್ತಬೇಕಿತ್ತು! ಆಗ ಕೊನೆಯ ಸ್ಥಾನದ ತಂಡಕ್ಕೇ ಮೊದಲ ಆಯ್ಕೆ ಸಿಗುತ್ತಿತ್ತು; ಅದಕ್ಕಾಗಿ ಒಟ್ಟಾವ ಬೇಕೆಂದೇ ಸೋತಿತೆಂಬ ಅನುಮಾನವೂ ಎದ್ದಿತು. 1995ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು, ಮೊದಲ ಆಯ್ಕೆಗೆ ಲಾಟರಿಯೂ ಬಂತು. ವಯಸ್ಸು ಮಾತ್ರ ಹದಿನೆಂಟರಲ್ಲೇ ಉಳಿಯಿತು.

ಇನ್ನು ಪ್ರಾಂಗರ್ ಕಥೆಯನ್ನು ಪೂರ್ತಿ ಹೇಳುವವರು ಕಡಿಮೆ. ಅವರನ್ನು ಆರಿಸಿದ ಹಾರ್ಟ್‌ಫರ್ಡ್ ತಂಡ ಎರಡೇ ಋತುಗಳಲ್ಲಿ ಕೈಬಿಟ್ಟಿತು. ಸೇಂಟ್ ಲೂಯಿಸ್‌ಗೆ ಹೋದಾಗ ಅಲ್ಲಿನ ಪ್ರೇಕ್ಷಕರೇ ಅಣಕಿಸಿದರು. 1995ರಲ್ಲಿ ಲೆಕ್ಕ ಹಾಕಿದ್ದರೆ ಪ್ರಾಂಗರ್ ಕೂಡ ಸೋತವರ ಪಟ್ಟಿಯಲ್ಲಿರುತ್ತಿದ್ದರು. 2000ದಲ್ಲಿ ಅವರು ಲೀಗ್‌ನ ಅತ್ಯಮೂಲ್ಯ ಆಟಗಾರ.

ಪಾವೆಲ್ ಡಾಟ್ಸುಕ್ ಅವರದು ಇದಕ್ಕೆ ತಿರುಗುಮುರುಗು. ರಷ್ಯಾದ ಯೆಕಟೆರಿನ್‌ಬರ್ಗ್‌ನ ಈ ಸಣ್ಣ ಮೈಕಟ್ಟಿನ ಹುಡುಗನನ್ನು ಡೆಟ್ರಾಯಿಟ್ 1998ರಲ್ಲಿ ಆರಿಸಿದ್ದು 171ನೆಯವರಾಗಿ. ಅವರ ಮೇಲೆ ಯಾರ ಕಣ್ಣೂ ಇರಲಿಲ್ಲ, ಅವಸರವೂ ಇರಲಿಲ್ಲ. ತಾಯ್ನಾಡಿನಲ್ಲೇ ಆಡಿ ಪಳಗಿ, 23ನೇ ವಯಸ್ಸಿನಲ್ಲಿ ಬಂದು, ಮೊದಲ ಋತುವಿನಲ್ಲೇ ಲೀಗ್‌ನ ಚಾಂಪಿಯನ್ ಟ್ರೋಫಿ ಸ್ಟ್ಯಾನ್ಲಿ ಕಪ್ ಎತ್ತಿದರು.

ಡೇಗಲ್‌ಗೆ ಅಂಥ ಬಿಡುವು ಸಿಕ್ಕಿದ್ದು ತಡವಾಗಿ. 2000ದಲ್ಲಿ ಆಟವನ್ನೇ ಬಿಟ್ಟವರು ಎರಡು ವರ್ಷಗಳ ನಂತರ ಮರಳಿದರು. 2003–04ರಲ್ಲಿ ಮಿನ್ನೆಸೊಟಾ ಪರ 51 ಅಂಕ ಗಳಿಸಿದರು. ಆ ತಂಡದಲ್ಲಿ ಅಷ್ಟು ಗಳಿಸಿದವರು ಬೇರಾರೂ ಇರಲಿಲ್ಲ. ಆಗ ಅವರಿಗೆ 29 ವರ್ಷ.