ಚುಚ್ಚುಮದ್ದಿನ ಮುಂದೆ ಅಪ್ಪ ಅಮ್ಮನ ಅಳುಕು

ಒಂದೂವರೆ ತಿಂಗಳ ಇಂಜೆಕ್ಷನ್ ಹಾಕಿಸಿಕೊಂಡು ಬಂದ ರಾತ್ರಿ ಮಗುವಿನ ಮೈ ಬಿಸಿಯೇರುತ್ತದೆ. ಸೂಜಿ ಚುಚ್ಚಿದ ತೊಡೆ ಊದಿ ಗಟ್ಟಿಯಾಗಿರುತ್ತದೆ, ಮುಟ್ಟಿದರೆ ಚೀರುತ್ತದೆ. "ಚೆನ್ನಾಗಿದ್ದ ಕೂಸಿಗೆ ಸುಮ್ನೆ ಯಾಕೆ ಚುಚ್ಚಿಸಿದ್ರಿ?" ಎನ್ನುತ್ತಾರೆ ಅಜ್ಜಿ. ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆ ಮಾತು ಮಾತ್ರ ತಾಯಿಯ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಈ ಅಳುಕನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಕೈಯಾರೆ ಮಾಡಿದ್ದರಿಂದ ಆದ ತೊಂದರೆ ನಮ್ಮನ್ನು ಜಾಸ್ತಿ ಚುಚ್ಚುತ್ತದೆ. ಸುಮ್ಮನಿದ್ದು ಆದದ್ದನ್ನು ಹಣೆಬರಹ ಎನ್ನುತ್ತೇವೆ. 1990ರಲ್ಲಿ ಇಲಾನಾ ರಿಟೊವ್ ಮತ್ತು ಜೊನಾಥನ್ ಬ್ಯಾರನ್ ಎಂಬ ಮನಃಶಾಸ್ತ್ರಜ್ಞರು ಜನರಿಗೆ ಒಂದು ಕಾಲ್ಪನಿಕ ಪ್ರಶ್ನೆ ಕೇಳಿದರು. ಒಂದು ಕಾಯಿಲೆ 10,000 ಮಕ್ಕಳಲ್ಲಿ 10 ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತದೆ. ಲಸಿಕೆ ಅದನ್ನು ತಡೆಯುತ್ತದೆ, ಆದರೆ ಲಸಿಕೆಯಿಂದಲೇ ಕೆಲವು ಮಕ್ಕಳು ಸಾಯಬಹುದು. ಎಷ್ಟು ಸಾವಿನವರೆಗೆ ಒಪ್ಪುತ್ತೀರಿ? ಲೆಕ್ಕ ನೋಡಿದರೆ 9 ಆದರೂ ಲಾಭವೇ. ಆದರೆ ಬಹಳ ಜನ ಅದಕ್ಕಿಂತ ಎಷ್ಟೋ ಕೆಳಗೇ ನಿಂತುಬಿಟ್ಟರು.

ನಿಜವಾದ ಲಸಿಕೆಯ ಲೆಕ್ಕ ಇಷ್ಟು ಕಷ್ಟದ್ದಲ್ಲ. ದಡಾರ ಬಂದ 1,000 ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮೆದುಳಿನ ಉರಿಯೂತ ಆಗುತ್ತದೆ. ಲಸಿಕೆಯ ನಂತರ ಅದು ಕಾಣಿಸುವುದು ಹೆಚ್ಚೆಂದರೆ 10 ಲಕ್ಷಕ್ಕೆ ಒಂದು.

"ನಮ್ಮ ಮಗುವಿಗೆ ದಡಾರ ಬಂದೇ ಬರುತ್ತೆ ಅಂತ ಏನು ಗ್ಯಾರಂಟಿ?" ಎಂದು ಯಾರಾದರೂ ಕೇಳಿದರೆ ಅದೂ ಸರಿಯಾದ ಪ್ರಶ್ನೆಯೇ. ಗ್ಯಾರಂಟಿ ಇಲ್ಲ. ಆದರೆ ದಡಾರದಷ್ಟು ಬೇಗ ಹರಡುವ ಕಾಯಿಲೆಗಳು ತೀರಾ ಕಡಿಮೆ. ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಇರಬಲ್ಲದು. ಊರಿನ 100ರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿದ್ದರೆ ಅದಕ್ಕೆ ಹಬ್ಬಲು ದಾರಿ ಸಿಗುವುದಿಲ್ಲ. ಒಂದು ಮನೆಯ ಅಪಾಯ ಹೀಗೆ ಅಕ್ಕಪಕ್ಕದ ಮನೆಗಳ ತೀರ್ಮಾನದ ಮೇಲೂ ನಿಂತಿರುತ್ತದೆ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸಾಪ್‌ನಲ್ಲಿ ಗಾಳಿಸುದ್ದಿಗಳು ಓಡಾಡಿದವು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಚುಚ್ಚುಮದ್ದು, ಮೊದಲೇ ದಡಾರದ ಲಸಿಕೆ ಆಗಿದ್ದವರಿಗೂ ಮತ್ತೆ. ಇದನ್ನು ಕಂಡು ಅಪ್ಪ ಅಮ್ಮ ಗಾಬರಿಯಾದರೆ ತಪ್ಪೇನು? ಅವರಿಗೆ ಕೂತು ಹೇಳಬೇಕಾಗಿದ್ದದ್ದು ಇಷ್ಟೇ: 9 ತಿಂಗಳಿಗೆ ಕೊಡುವ ಮೊದಲ ಡೋಸ್ 100ರಲ್ಲಿ ಸುಮಾರು 15 ಮಕ್ಕಳಲ್ಲಿ ಹಿಡಿಯುವುದಿಲ್ಲ. ಆ 15 ಮಕ್ಕಳು ಯಾರು ಎಂದು ನೋಡಿ ಹೇಳಲು ಬರುವುದಿಲ್ಲ. ಹಾಗಾಗಿ ಎಲ್ಲರಿಗೂ ಇನ್ನೊಮ್ಮೆ. ಮೊದಲೇ ರಕ್ಷಣೆ ಇದ್ದ ಮಗುವಿಗೆ ಅದರಿಂದ ಕೇಡಿಲ್ಲ.