ಸ್ಪ್ಯಾನಿಷ್ ಚೆನ್ನಾಗಿ ಬಂದರೆ ಸಾಕೇ, ದ್ವಿಭಾಷಾ ಸ್ಪೀಚ್ ಥೆರಪಿಸ್ಟ್ ಆಗಲು?

ಪ್ರಶ್ನೆ: ಅಮೆರಿಕದಲ್ಲಿ ಸ್ಪೀಚ್ ಥೆರಪಿ ಮಾಸ್ಟರ್ಸ್‌ಗೆ ಸೇರುತ್ತಿದ್ದೇನೆ. ಸ್ಪ್ಯಾನಿಷ್ ನಿರರ್ಗಳವಾಗಿ ಮಾತಾಡುತ್ತೇನೆ. ಸ್ಪ್ಯಾನಿಷ್-ಇಂಗ್ಲಿಷ್ ಎರಡೂ ಆಡುವ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡಲು ಬೇರೆ ತರಬೇತಿ ಬೇಕೇ?

ಬೇಕು. ಮಗುವಿನ ಜೊತೆ ಸ್ಪ್ಯಾನಿಷ್‌ನಲ್ಲಿ ಮಾತಾಡುವುದು ಈ ಕೆಲಸದ ಸುಲಭ ಭಾಗ. ಅದು ಆಡಿದ ತಪ್ಪು ಇನ್ನೊಂದು ಭಾಷೆಯ ಪ್ರಭಾವವೋ, ಮನೆಯವರ ಆಡುನುಡಿಯೋ, ನಿಜವಾದ ತೊಂದರೆಯೋ ಎಂದು ಬೇರ್ಪಡಿಸುವುದೇ ಕಷ್ಟ.

ಸ್ಪ್ಯಾನಿಷ್‌ನಲ್ಲಿ ಯಾವ ಪದವೂ 'ಸ್ಕ', 'ಸ್ಟ' ಎಂದು ಶುರುವಾಗುವುದಿಲ್ಲ. ಶಾಲೆಗೆ 'ಎಸ್ಕ್ವೆಲಾ' ಎನ್ನುತ್ತಾರೆ. ಹಾಗಾಗಿ ನಾಲ್ಕು ವರ್ಷದ ಮಗು 'ಎಸ್ಕೂಲ್' ಎಂದರೆ, ನಮ್ಮ ಹಳ್ಳಿಗಳ 'ಇಸ್ಕೂಲು' ಇದ್ದ ಹಾಗೆ, ಅದಕ್ಕೆ ಥೆರಪಿ ಬೇಡ. ನಾಲಿಗೆ ಅದುರಿಸಿ ಆಡುವ 'ಪೆರ್ರೊ'ದ (ನಾಯಿ) 'ರ್ರ' ತಡವಾಗಿ ಕೂಡುವ ಧ್ವನಿ. ಮೂರು ವರ್ಷದ ಮಗುವಿಗೆ ಅದು ಬಾರದಿದ್ದರೆ ದೋಷವೆಂದು ಬರೆಯಬಾರದು. ಪೋರ್ಟೊರಿಕೊ ಮೂಲದ ಎಷ್ಟೋ ಮನೆಗಳಲ್ಲಿ ಬಾಗಿಲು 'ಪ್ವೆರ್ತಾ' ಅಲ್ಲ, 'ಪ್ವೆಲ್ತಾ'. ಪದದ ಕೊನೆಯ 'ಸ್' ಕೂಡ ಉದುರಿಹೋಗುತ್ತದೆ. ಬಹುವಚನ ತೋರಿಸುವುದೂ ಅದೇ 'ಸ್'. ಮೆಕ್ಸಿಕೊದ ಸ್ಪ್ಯಾನಿಷ್ ಮಾತ್ರ ಕೇಳಿ ಬೆಳೆದವರು ಇಲ್ಲಿ 'ಬಹುವಚನ ಬರುವುದಿಲ್ಲ' ಎಂದು ವರದಿ ಬರೆದುಬಿಡಬಹುದು. ಅದಕ್ಕೇ ಮೊದಲು ತಾಯಿಯ ಮಾತನ್ನು ಕೇಳಿಸಿಕೊಂಡು, ಆಮೇಲೆ ಮಗುವಿನ ಮಾತನ್ನು ಅಳೆಯುವುದು ಕಲಿಯಬೇಕು.

ವ್ಯಾಕರಣದಲ್ಲಿ ಎಡವುವವರು ಇನ್ನೂ ಹೆಚ್ಚು. ಭಾಷಾ ಬೆಳವಣಿಗೆಯ ತೊಂದರೆ ಇಂಗ್ಲಿಷ್‌ನಲ್ಲಿ ಮುಖ್ಯವಾಗಿ ಕ್ರಿಯಾಪದದ ಕೊನೆಯಲ್ಲಿ ಕಾಣುತ್ತದೆ: 'ವಾಕ್ಡ್' ಎನ್ನುವ ಕಡೆ 'ವಾಕ್'. ಸ್ಪ್ಯಾನಿಷ್‌ನಲ್ಲಿ ಅದು 'ಎಲ್', 'ಲಾ' ಎಂಬ ಆರ್ಟಿಕಲ್‌ಗಳಲ್ಲಿ, ಲಿಂಗದ ಹೊಂದಾಣಿಕೆಯಲ್ಲಿ, ಕ್ರಿಯಾಪದಕ್ಕೆ ಅಂಟಿಕೊಂಡು ಬರುವ 'ಲೊ', 'ಲಾ' ಸರ್ವನಾಮಗಳಲ್ಲಿ ಹೆಚ್ಚು ಕಾಣುತ್ತದೆ. ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸಿ ಕೊಟ್ಟರೆ ನೋಡಬೇಕಾದ್ದು ತಪ್ಪಿಹೋಗುತ್ತದೆ. ಇನ್ನೊಂದು ಮಾತು: ನಿಜವಾದ ತೊಂದರೆ ಎರಡೂ ಭಾಷೆಗಳನ್ನು ತಟ್ಟುತ್ತದೆ. ಒಂದರಲ್ಲಿ ಮಾತ್ರ ಹಿಂದಿದ್ದರೆ, ಸಾಮಾನ್ಯವಾಗಿ ಆ ಭಾಷೆ ಕಿವಿಗೆ ಬಿದ್ದಿರುವುದು ಕಡಿಮೆ ಎಂದರ್ಥ.

ಎರಡೂ ಭಾಷೆಯ ಪದಗಳನ್ನು ಕೂಡಿಸಿಯೇ ಎಣಿಸಬೇಕು. ಎರಡು ವರ್ಷಕ್ಕೆ 50 ಪದಗಳೂ ಇಲ್ಲ, ಎರಡು ಪದ ಜೋಡಿಸುವುದೂ ಇಲ್ಲ ಎಂದರೆ ತಪಾಸಣೆ ಬೇಕು. ಸ್ಪ್ಯಾನಿಷ್‌ನ 30, ಇಂಗ್ಲಿಷ್‌ನ 25 ಪದ ಬಲ್ಲ ಮಗುವನ್ನು ಇಂಗ್ಲಿಷ್‌ನಲ್ಲಷ್ಟೇ ನೋಡಿದರೆ ವಿನಾಕಾರಣ ಹಿಂದುಳಿದ ಪಟ್ಟಿಗೆ ಸೇರುತ್ತದೆ. 'ಮಾಸ್ ಮಿಲ್ಕ್' (ಇನ್ನಷ್ಟು ಹಾಲು; 'ಮಾಸ್' ಸ್ಪ್ಯಾನಿಷ್ ಪದ) ಎಂದು ಬೆರೆಸಿದರೂ ಅದು ಎರಡು ಪದದ ಜೋಡಣೆಯೇ. 8 ರಿಂದ 30 ತಿಂಗಳ ಮಕ್ಕಳಿಗೆ ಮಗುವಿಗೆ ಯಾವ ಪದಗಳು ಬರುತ್ತವೆಂದು ಪೋಷಕರು ತುಂಬುವ ಮ್ಯಾಕ್‌ಆರ್ಥರ್-ಬೇಟ್ಸ್ ಪಟ್ಟಿಯ ಸ್ಪ್ಯಾನಿಷ್ ರೂಪವಿದೆ. 4 ವರ್ಷದಿಂದ 6 ವರ್ಷ 11 ತಿಂಗಳವರೆಗೆ 'ಬೆಸಾ' ಎಂಬ ದ್ವಿಭಾಷಾ ಪರೀಕ್ಷೆಯಿದೆ. ಅಂಕದ ಮೇಲೆ ಅನುಮಾನ ಬಂದರೆ ಪರೀಕ್ಷಿಸಿ, ಸ್ವಲ್ಪ ಕಲಿಸಿ, ಮತ್ತೆ ಪರೀಕ್ಷಿಸಬೇಕು. ಕಲಿಸಿದ್ದನ್ನು ಬೇಗ ಹಿಡಿಯುವ ಮಗುವಿಗೆ ಬಹುಪಾಲು ಅವಕಾಶದ ಕೊರತೆ ಇರುತ್ತದೆ, ಸಾಮರ್ಥ್ಯದ್ದಲ್ಲ.

ಮೂರು ವರ್ಷದೊಳಗಿನ ಮಕ್ಕಳ ಥೆರಪಿ ಹೆಚ್ಚಾಗಿ ಮನೆಯಲ್ಲೇ ನಡೆಯುತ್ತದೆ, ಊಟ ಆಟಗಳ ನಡುವೆ. ಅಲ್ಲಿ ನೀವು ತರಬೇತಿ ಕೊಡುವುದು ಹೆತ್ತವರಿಗೆ. 'ಮನೆಯಲ್ಲೂ ಇಂಗ್ಲಿಷೇ ಆಡಿ' ಎಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ಅದು ತಪ್ಪು, ಹಾನಿಕರವೂ ಹೌದು: ತಾಯಿಯ ಮಾತು ತೊದಲಿ ಕಡಿಮೆಯಾಗುತ್ತದೆ, ಮಗುವಿನ ಪಾಲಿಗೆ ಎರಡೂ ಭಾಷೆ ತೆಳುವಾಗುತ್ತವೆ. ಅಮೆರಿಕದ ಕನ್ನಡ ಮನೆಗಳಿಗೂ ಇದೇ ಮಾತು. ಮಗುವನ್ನು ಅದರ ಭಾಷೆಯಲ್ಲಿ ಅಳೆಯಬೇಕೆಂಬ, ಅಮೆರಿಕದ ವಿಶೇಷ ಶಿಕ್ಷಣ ಕಾನೂನು 'ಐಡಿಯಾ' (IDEA) ಕನ್ನಡಕ್ಕೂ ಅನ್ವಯಿಸುತ್ತದೆ. ಥೆರಪಿಸ್ಟ್‌ಗೆ ಆ ಭಾಷೆ ಬಾರದಿದ್ದರೆ ದುಭಾಷಿ ಇರಬೇಕು, ಅಕ್ಕನನ್ನೋ ಅಣ್ಣನನ್ನೋ ಕೂರಿಸಿಕೊಳ್ಳುವುದಲ್ಲ.

ಸ್ಪೀಚ್ ಥೆರಪಿಸ್ಟ್‌ಗಳ ಅಮೆರಿಕದ ವೃತ್ತಿಸಂಘ 'ಆಶಾ' (ASHA) ತನ್ನ ಪ್ರಮಾಣಪತ್ರಕ್ಕೆ ಕೇಳುವುದು 400 ಗಂಟೆಯ ತರಬೇತಿ: 25 ವೀಕ್ಷಣೆ, 375 ನೇರ ಕೆಲಸ. ಇದರಲ್ಲಿ ಇಷ್ಟು ಗಂಟೆ ಸ್ಪ್ಯಾನಿಷ್‌ನಲ್ಲಿರಬೇಕೆಂಬ ನಿಯಮವಿಲ್ಲ, 'ದ್ವಿಭಾಷಾ' ಎಂಬ ಪ್ರತ್ಯೇಕ ಆಶಾ ಪ್ರಮಾಣಪತ್ರವೂ ಇಲ್ಲ. ಆದ್ದರಿಂದ ಸೇರುವ ಮುನ್ನ ವಿಭಾಗದವರನ್ನು ನೇರವಾಗಿ ಕೇಳಿ: 375ರಲ್ಲಿ ಎಷ್ಟು ಗಂಟೆ ಸ್ಪ್ಯಾನಿಷ್‌ನಲ್ಲಿ ಸಿಗುತ್ತದೆ, ಅದರಲ್ಲಿ ಮೂರು ವರ್ಷದೊಳಗಿನವರ ಜೊತೆ ಎಷ್ಟು, ಮೇಲ್ವಿಚಾರಕರಿಗೆ ಸ್ಪ್ಯಾನಿಷ್ ಬರುತ್ತದೆಯೇ? ಬಾರದವರು ನಿಮ್ಮ ಸ್ಪ್ಯಾನಿಷ್ ಕೆಲಸವನ್ನು ತಿದ್ದಲಾರರು. ವಿಶೇಷ ಶಿಕ್ಷಣಕ್ಕೆಂದು ಕೇಂದ್ರ ಶಿಕ್ಷಣ ಇಲಾಖೆ ಕೊಡುವ ವಿದ್ಯಾರ್ಥಿವೇತನ ಸಿಕ್ಕಿದರೆ, ಪಡೆದ ಪ್ರತಿ ವರ್ಷಕ್ಕೆ ಎರಡು ವರ್ಷ ವಿಶೇಷ ಶಿಕ್ಷಣ ಬೇಕಾದ ಮಕ್ಕಳ ಸೇವೆ ಮಾಡಬೇಕು, ಇಲ್ಲವೇ ಹಣ ಹಿಂತಿರುಗಿಸಬೇಕು. ಸಹಿ ಹಾಕುವ ಮೊದಲು ಆ ಷರತ್ತು ಓದಿಕೊಳ್ಳಿ.