ಎಐಪಿ ಎಂದರೇನು? ಗಾಳಿಗಾಗಿ ಮೇಲೆ ಬರಬೇಕಿಲ್ಲದ ಸಬ್‌ಮರೀನ್

ನೌಕಾಪಡೆಯ ಸುದ್ದಿ ಬಂದಾಗಲೆಲ್ಲ ಎಐಪಿ ಎಂಬ ಹೆಸರು ಕೇಳುತ್ತೇವೆ. ಪೂರ್ತಿ ಹೆಸರು ಏರ್ ಇಂಡಿಪೆಂಡೆಂಟ್ ಪ್ರೊಪಲ್ಷನ್. ಹೊರಗಿನ ಗಾಳಿಯನ್ನು ಎಳೆದುಕೊಳ್ಳದೆ, ನೀರಿನೊಳಗೇ ಕರೆಂಟ್ ತಯಾರಿಸಿ ಸಬ್‌ಮರೀನ್ ಓಡಿಸುವ ವ್ಯವಸ್ಥೆ ಇದು. ಅಣುಶಕ್ತಿಯ ಸಬ್‌ಮರೀನಿಗೂ ಗಾಳಿ ಬೇಕಿಲ್ಲ, ನಿಜ. ಆದರೆ ಎಐಪಿ ಎನ್ನುವುದು ಅಣುಶಕ್ತಿ ಇಲ್ಲದ ಸಬ್‌ಮರೀನ್‌ಗಳ ವಿಷಯದಲ್ಲಿ ಮಾತ್ರ.

ಸಾಮಾನ್ಯ ಸಬ್‌ಮರೀನಿನಲ್ಲಿ ಡೀಸೆಲ್ ಎಂಜಿನ್ ಇರುತ್ತದೆ, ದೊಡ್ಡ ಬ್ಯಾಟರಿಗಳೂ ಇರುತ್ತವೆ. ಮುಳುಗಿದಾಗ ಓಡುವುದು ಬ್ಯಾಟರಿಯಿಂದ. ಚಾರ್ಜ್ ಇಳಿದರೆ ಡೀಸೆಲ್ ಎಂಜಿನ್ ಹಚ್ಚಲೇಬೇಕು, ಅದಕ್ಕೆ ಗಾಳಿ ಬೇಕು. ಆಗ ಸಬ್‌ಮರೀನ್ ನೀರಿನ ಮೇಲ್ಮೈ ಹತ್ತಿರಕ್ಕೆ ಬಂದು ಸ್ನಾರ್ಕೆಲ್ ಎಂಬ ಕೊಳವೆ ಎತ್ತುತ್ತದೆ. ಅದು ಸಿಕ್ಕಿಬೀಳುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಕೊಳವೆಯ ತುದಿ ವಿಮಾನದ ರೇಡಾರಿಗೆ ಕಾಣಬಹುದು, ಎಂಜಿನ್ ಸದ್ದು ನೀರಿನೊಳಗಿನ ಶಬ್ದ ಹಿಡಿಯುವ ಸೋನಾರಿಗೆ ಕೇಳಬಹುದು. ನಮ್ಮ ಬೆಂಗಳೂರಿನ ಬಿಇಎಲ್ ನೌಕಾಪಡೆಗೆ ಸೋನಾರ್ ತಯಾರಿಸುತ್ತದೆ. ಕಡಲಿಲ್ಲದ ಊರಿನಲ್ಲಿ ಕಡಲಿನ ಕಿವಿ ತಯಾರಾಗುತ್ತದೆ ಎಂಬುದು ನನಗೆ ಹೆಮ್ಮೆಯ ವಿಷಯ. ಆ ಕಿವಿ ಎಷ್ಟು ಚುರುಕಾಗುತ್ತದೋ, ಸಬ್‌ಮರೀನ್ ಅಷ್ಟೇ ಮೌನವಾಗಿರಬೇಕಾಗುತ್ತದೆ.

ಹಾಗಾದರೆ ಬ್ಯಾಟರಿಯನ್ನೇ ದೊಡ್ಡದು ಮಾಡಿದರೆ ಸಾಲದಾ? ಎಲೆಕ್ಟ್ರಿಕ್ ಸ್ಕೂಟರ್ ಇಟ್ಟುಕೊಂಡವರಿಗೆ ಇದರ ಉತ್ತರ ಗೊತ್ತು: ಜೋರಾಗಿ ಓಡಿಸಿದಷ್ಟೂ ಚಾರ್ಜ್ ಬೇಗ ಇಳಿಯುತ್ತದೆ. ನೀರಿನಲ್ಲಿ ಈ ಪೆಟ್ಟು ಇನ್ನೂ ಜಾಸ್ತಿ. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಪೂರ್ತಿ ವೇಗದಲ್ಲಿ ಹೋದರೆ ಸೀಸದ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಖಾಲಿ.

ಇಲ್ಲಿ ಎಐಪಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಇದು ಡೀಸೆಲ್ ಎಂಜಿನ್ನನ್ನಾಗಲಿ ಬ್ಯಾಟರಿಯನ್ನಾಗಲಿ ತೆಗೆದುಹಾಕುವುದಿಲ್ಲ, ಅವುಗಳ ಜೊತೆಗೆ ಸೇರುತ್ತದೆ. ಇದು ಕೊಡುವ ಶಕ್ತಿಯೂ ಕಡಿಮೆ, ನಿಧಾನವಾಗಿ ಹೋಗಲು ಸಾಕಾಗುವಷ್ಟು. ಶತ್ರುವಿನಿಂದ ತಪ್ಪಿಸಿಕೊಂಡು ಓಡಬೇಕಾದರೆ ಬ್ಯಾಟರಿಯೇ ಗತಿ. ಎಐಪಿ ಕೆಲಸ ಏನಿದ್ದರೂ ಸದ್ದಿಲ್ಲದೆ ದಿನಗಟ್ಟಲೆ ಕಾದು ಕೂರಲು ಬಿಡುವುದು. 2013ರಲ್ಲಿ ಜರ್ಮನಿಯ ಯು-32 ಸಬ್‌ಮರೀನ್ ಅಟ್ಲಾಂಟಿಕ್ ದಾಟುವಾಗ 18 ದಿನ ಸ್ನಾರ್ಕೆಲ್ ಎತ್ತಲೇ ಇಲ್ಲ.

ಎಐಪಿಯಲ್ಲಿ ಹಲವು ಬಗೆ. ಸ್ವೀಡನ್ನಿನದು ಸ್ಟರ್ಲಿಂಗ್ ಎಂಜಿನ್, ಹೊರಗಿನಿಂದ ಕೊಟ್ಟ ಶಾಖದಿಂದ ಪಿಸ್ಟನ್ ಓಡಿಸುವಂಥದ್ದು. ಫ್ರಾನ್ಸಿನ ಮೆಸ್ಮಾ ಎಥನಾಲ್ ಉರಿಸಿ ಹಬೆಯಿಂದ ಟರ್ಬೈನ್ ತಿರುಗಿಸುತ್ತದೆ. ಜರ್ಮನಿ ನೆಚ್ಚಿಕೊಂಡಿದ್ದು ಫ್ಯುಯೆಲ್ ಸೆಲ್. ಇದರಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿ ನೇರವಾಗಿ ಕರೆಂಟ್ ಹುಟ್ಟುತ್ತದೆ, ಉಳಿಯುವುದು ನೀರು. ಪಿಸ್ಟನ್ ಇಲ್ಲ, ಬೆಂಕಿ ಇಲ್ಲ, ಹಾಗಾಗಿ ಸದ್ದು ಬಹಳ ಕಡಿಮೆ.

ನಮ್ಮ ಡಿಆರ್‌ಡಿಒ ಹಿಡಿದಿರುವುದೂ ಫ್ಯುಯೆಲ್ ಸೆಲ್ ದಾರಿಯನ್ನೇ. ಮಹಾರಾಷ್ಟ್ರದ ಅಂಬರ್‌ನಾಥದಲ್ಲಿರುವ ಅದರ ನೌಕಾ ಸಾಮಗ್ರಿ ಪ್ರಯೋಗಾಲಯ ಎಲ್ ಅಂಡ್ ಟಿ ಮತ್ತು ಥರ್ಮ್ಯಾಕ್ಸ್ ಕಂಪನಿಗಳ ಜೊತೆಗೂಡಿ ಫಾಸ್ಫಾರಿಕ್ ಆ್ಯಸಿಡ್ ಬಳಸುವ ಫ್ಯುಯೆಲ್ ಸೆಲ್ ಬೆಳೆಸಿದೆ. ಜರ್ಮನಿಯ ಸಬ್‌ಮರೀನ್‌ಗಳು ಹೈಡ್ರೋಜನ್ನನ್ನು ಲೋಹದ ಮಿಶ್ರಣದೊಳಗೆ ಹಿಡಿದಿಟ್ಟು ಒಯ್ಯುತ್ತವೆ. ನಮ್ಮದರಲ್ಲಿ ಹಾಗಲ್ಲ. ಬೇಕಾದ ಹೈಡ್ರೋಜನ್ ಒಳಗೇ, ಬೇಕಾದಾಗ ತಯಾರಾಗುತ್ತದೆ. ನನಗೆ ಇದೇ ಈ ವಿನ್ಯಾಸದ ಜಾಣತನ ಅನಿಸುತ್ತದೆ. ಮುಚ್ಚಿದ ಉಕ್ಕಿನ ಕೊಳವೆಯೊಳಗೆ ನಲವತ್ತಕ್ಕೂ ಹೆಚ್ಚು ಜನ ಇರುವಾಗ ಹೈಡ್ರೋಜನ್ ದಾಸ್ತಾನು ಕಡಿಮೆ ಇದ್ದಷ್ಟೂ ಒಳ್ಳೆಯದು, ಅಲ್ವಾ? ಆದರೂ ಆಮ್ಲಜನಕ ಒಯ್ಯಲೇಬೇಕು. ಅದು ದ್ರವವಾಗಿ ಉಳಿಯಬೇಕಾದರೆ ಮೈನಸ್ 183 ಡಿಗ್ರಿಯಷ್ಟು ತಣ್ಣಗಿರಬೇಕು.

ಇಂಥದ್ದನ್ನು ನೇರವಾಗಿ ಕಡಲಿಗಿಳಿಸಲು ಆಗುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಬ್ರಿಟನ್, ಗಾಳಿಯ ಬದಲು ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ಎಕ್ಸ್‌ಪ್ಲೋರರ್, ಎಕ್ಸ್‌ಕ್ಯಾಲಿಬರ್ ಎಂಬ ಎರಡು ಪ್ರಯೋಗದ ಸಬ್‌ಮರೀನ್ ಕಟ್ಟಿತ್ತು. ಆ ರಾಸಾಯನಿಕ ಕೊಟ್ಟ ಕಾಟಕ್ಕೆ ಎಕ್ಸ್‌ಪ್ಲೋರರಿಗೆ ನಾವಿಕರು ‘ಎಕ್ಸ್‌ಪ್ಲೋಡರ್’, ಅಂದರೆ ಸಿಡಿಯುವಂಥದ್ದು, ಎಂದೇ ಹೆಸರಿಟ್ಟಿದ್ದರು. ಅದಕ್ಕೇ ಮೊದಲು ನೆಲದ ಮೇಲೆ ಪರೀಕ್ಷೆ. ಡಿಆರ್‌ಡಿಒ 2021ರ ಮಾರ್ಚ್ 8ರಂದು ನೆಲದ ಮೇಲಿನ ಮಾದರಿಯನ್ನು ಎರಡು ರೀತಿಯಲ್ಲಿ ಓಡಿಸಿ ತೋರಿಸಿತು: ಒಂದು ಹೆಚ್ಚು ಹೊತ್ತು ನಿಲ್ಲುವ ರೀತಿ, ಇನ್ನೊಂದು ಪೂರ್ತಿ ಶಕ್ತಿಯ ರೀತಿ.

ಮುಂದಿನ ಕೆಲಸ ಇನ್ನೂ ಕಷ್ಟದ್ದು. ಸಬ್‌ಮರೀನನ್ನು ನಡುವೆ ಕತ್ತರಿಸಿ, ಎಐಪಿ ತುಂಬಿದ ಹೊಸ ಭಾಗವನ್ನು ಸೇರಿಸಿ ಮತ್ತೆ ಬೆಸೆಯಬೇಕು. ಆ ತುಂಡಿಗೆ ‘ಪ್ಲಗ್’ ಎನ್ನುತ್ತಾರೆ. ಬೆಸುಗೆ ಆಳದ ನೀರಿನ ಒತ್ತಡ ತಡೆಯಬೇಕು, ತೂಕ ಮತ್ತು ತೇಲುವಿಕೆಯ ಲೆಕ್ಕ ತಪ್ಪಬಾರದು. ಈ ಪ್ಲಗ್ ಕಟ್ಟಿ ಜೋಡಿಸಲು 2024ರ ಡಿಸೆಂಬರ್‌ನಲ್ಲಿ ಮುಂಬೈನ ಮಜಗಾಂವ್ ಡಾಕ್ ಜೊತೆ ಸುಮಾರು 1,990 ಕೋಟಿ ರೂಪಾಯಿಯ ಒಪ್ಪಂದವಾಗಿದೆ.

ಜಪಾನ್ ಬೇರೆ ದಾರಿ ಹಿಡಿದಿದೆ. 2020ರಲ್ಲಿ ಸೇವೆಗೆ ಸೇರಿದ ಅದರ ಓರ್ಯು ಸಬ್‌ಮರೀನಿನಲ್ಲಿ ಸ್ಟರ್ಲಿಂಗ್ ಎಂಜಿನ್ ತೆಗೆದು ಲಿಥಿಯಂ ಅಯಾನ್ ಬ್ಯಾಟರಿ ತುಂಬಿದ್ದಾರೆ. ಅದು ಬೇಗ ಚಾರ್ಜ್ ಆಗುತ್ತದೆ, ಜೋರು ಓಟಕ್ಕೂ ಒದಗುತ್ತದೆ. ಆದರೆ ಚಾರ್ಜ್ ಮುಗಿದರೆ ಸ್ನಾರ್ಕೆಲ್ ಎತ್ತಲೇಬೇಕು. ಒಂದೇ ಕಡೆ ವಾರಗಟ್ಟಲೆ ಹೊಂಚು ಹಾಕಿ ಕೂರುವ ಕೆಲಸಕ್ಕೆ, ನನ್ನ ಮಟ್ಟಿಗೆ, ಎಐಪಿಯೇ ಮೇಲು.